ಹೊನ್ನವ್ವನ ಅಳತೆ

ಹಿತ್ತಲಲ್ಲಿ ಹಾಲಿನ ಪಾತ್ರೆ ತಿಕ್ಕುತ್ತಿದ್ದ ಹೊನ್ನವ್ವ ಕೈ ನಿಲ್ಲಿಸಿ ಕಿವಿಗೊಟ್ಟಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಹನ್ನೆರಡು ವರ್ಷದಿಂದ ಆಕೆ ಕೇಳುತ್ತ ಬಂದ ಸಪ್ಪಳ, ಸೊಸೆ ಸುವರ್ಣಾಳ ಕೈಯದು. ಒಮ್ಮೆ ಸುರುವಾದರೆ ಒಂದೇ ಓಟ. ರೊಟ್ಟಿ ಹಂಚಿಗೆ ಬಿದ್ದಾಗ ಮಾತ್ರ ತುಸು ತಡೆದು, ಮತ್ತೆ ಓಟ. ಈಗ ಎಂಟು ದಿನದಿಂದ ನಡುನಡುವೆ ನಿಲ್ಲತೊಡಗಿತ್ತು. ನಾಲ್ಕು ಏಟು, ನಿಲ್ಲುವುದು. ಮತ್ತೆ ಎರಡು ಏಟು, ನಿಲ್ಲುವುದು.

"ಯಾಕ ಸುವರ್ಣಾ, ಹಿಟ್ಟು ಹರೀಲಿಕ್ಕತ್ತೈತೇನು?" ಹೊನ್ನವ್ವ ಅಲ್ಲಿಂದಲೇ ಕೇಳಿದಳು.

"ಹಿಟ್ಟು ಚಲೋ ಐತ್ರಿ ಅತ್ತಿ. ಕೈ ಜೋಮು ಹಿಡಿದೈತಿ. ಈಗ ಹೋಗತೈತಿ."

ಜೋಮು ಹೋಗಲಿಲ್ಲ. ಊಟಕ್ಕೆ ಕೂತಾಗ ಹೊನ್ನವ್ವನ ಗಂಡ ಪ್ರಭುಲಿಂಗಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೂವತ್ತೆಂಟು ವರ್ಷ ರೋಣದ ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ನಡೆಸಿದವ. ಜೋಳ ಹಿಡಿದು ನೋಡಿದ ಹಾಗೆಯೇ ರೊಟ್ಟಿಯನ್ನೂ ನೋಡುತ್ತಿದ್ದ.

"ನಡಕ ದಪ್ಪ, ಅಂಚಿಗೆ ಹರಕು. ಇದೇನು ರೊಟ್ಟಿನೋ, ಜೋಳದ ಚೀಲದ ತ್ಯಾಪಿನೋ?"

"ಆಕಿ ಕೈ ನೋಯ್ತಾವಂತ," ಅಂದಳು ಹೊನ್ನವ್ವ, ಹೆಸರುಕಾಳಿನ ಪಲ್ಯ ಬಡಿಸುತ್ತ.

"ಇಡೀ ದಿವಸ ಕುಂತು ಮಾಡೂ ಕೆಲಸ. ಕುಂತವರಿಗೆ ಎಂಥಾ ನೋವು? ನಾನೂ ಕುಂತೇನಿ ಗಾದಿ ಮ್ಯಾಲ."

"ನೀವು ಲೋಡಿಗೆ ಆನಿಕೊಂಡು ಕುಂತಿದ್ರಿ. ಬರಿಯಾಂವ ಗುಮಾಸ್ತ ಇದ್ದ."

ಹತ್ತು ವರ್ಷದ ಮೊಮ್ಮಗಳು ಗೌತಮಿ ತಾಟಿನಿಂದ ತಲೆ ಎತ್ತಿದಳು. "ಅಜ್ಜಾ, ನೀ ಅಂಗಡ್ಯಾಗ ಮಲಗತಿದ್ದಿ ಅಂತ ಅಪ್ಪ ಹೇಳ್ಯಾನ."

ಈಗ ಅಂಗಡಿ ನೋಡಿಕೊಳ್ಳುವ ಮಗ ಕೊಟ್ರೇಶ ಕೆಮ್ಮು ಬಂದವನಂತೆ ಮುಖ ತಿರುಗಿಸಿದ. ಪ್ರಭುಲಿಂಗಪ್ಪನೂ ಮೀಸೆಯಲ್ಲೇ ನಕ್ಕು, ಆ ರೊಟ್ಟಿಯನ್ನೇ ಮುರಿದುಕೊಂಡ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಮಾತ್ರ ನಗಲಿಲ್ಲ. ಬಲಗೈಯನ್ನು ಕೆಳಗೆ ಜೋತುಬಿಟ್ಟು ಝಾಡಿಸುತ್ತಿದ್ದಳು, ನೀರು ಕೊಡವುವವಳಂತೆ.

ಸುವರ್ಣಾಳ ಕೆಲಸ ತಹಶೀಲ್ದಾರ ಕಚೇರಿ ಎದುರಿನ ಸಾಲಿನಲ್ಲಿ, ಬಾಂಡ್ ರೈಟರ್ ತೋಟಪ್ಪನ ಹತ್ತಿರ. ಹೊಲ ಮನಿ ಖರೀದಿ ಪತ್ರ, ಪಾಲಿನ ವಾಟ್ನಿ ಪತ್ರ, ದಾನದ ಬಕ್ಷೀಸು ಪತ್ರ ಎಲ್ಲ ಕಂಪ್ಯೂಟರಿನಲ್ಲಿ ಹೊಡೆದು ಕೊಡುವವಳು ಆಕೆ. ಏಳು ವರ್ಷದಲ್ಲಿ ಒಂದು ಸರ್ವೆ ನಂಬರು ತಪ್ಪಿರಲಿಲ್ಲ. ಪುರ್ತಗೇರಿ, ರಾಜೂರ ಕಡೆಯ ರೈತರು ಬಂದರೆ, "ಅಕ್ಕಾರ ಕೈಲೆ ಬರೀಸ್ರಿ, ಹೊಲದ ಚಕ್ಕಬಂದಿ ಹದಗೆಡಂಗಿಲ್ಲ" ಎಂದು ಕಾದು ಕೂರುತ್ತಿದ್ದರು. ಆದರೆ ಆಕೆ ಕೂರುವುದು ಬೆನ್ನಿಲ್ಲದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಮುಂದಿನ ಮೇಜು ತೋಟಪ್ಪನ ಅಪ್ಪನ ಕಾಲದ್ದು, ಎದೆಮಟ್ಟ. ಹೆಗಲು ಕಿವಿಗೆ ಏರಿಸಿ ಹೊಡೆಯಬೇಕು. ಕುತ್ತಿಗೆ ಹಿಡಿಯಿತು, ಆಮೇಲೆ ಹೆಗಲು, ಆಮೇಲೆ ಮಣಿಕಟ್ಟು.

ನಾಗರಪಂಚಮಿ ಮುಗಿದ ವಾರ ಹೊನ್ನವ್ವನೇ ಹಟ ಹಿಡಿದು ಸೊಸೆಯನ್ನು ಗದಗಿನ ದವಾಖಾನಿಗೆ ಕರೆದುಕೊಂಡು ಹೋದಳು. ಡಾಕ್ಟರು ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದರು. ಮೂರು ಬೆರಳಿಗೆ ಕರೆಂಟು ಹೊಡೆದಂತಾಗಿ ಸುವರ್ಣಾ ಕೈ ಎಳೆದುಕೊಂಡಳು.

"ನರ ಒತ್ತಿಗೆ ಸಿಕ್ಕಾವು. ಇನ್ನೂ ಹೊತ್ತು ಮೀರಿಲ್ಲ," ಅಂದರು ಡಾಕ್ಟರು. "ಬೆನ್ನಿರೋ ಕುರ್ಚಿ ಬೇಕು. ಮೇಜು ಮೊಣಕೈ ಮಟ್ಟಕ್ಕ ಇರಬೇಕು. ಪಾದ ನೆಲಕ್ಕ ಹತ್ತಬೇಕು, ಮಣಿಕಟ್ಟು ಎಲ್ಲೂ ಒತ್ತಬಾರದು. ಅರ್ಧ ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು. ರೊಟ್ಟಿ ಬಡಿಯೂದು ಬಂದ್. ಕುಂದ್ರೂ ರೀತಿ ಬದಲಾಗದಿದ್ರ ನನ್ನ ಗುಳಿಗಿ ಏನೂ ಮಾಡಂಗಿಲ್ಲ. ನರ ಒಣಗಿದ್ರ ತಿರುಗಿ ಚಿಗಿಯೂದಿಲ್ಲ."

ಆ ಕಡೆಯ ಮಾತನ್ನು ಹೊನ್ನವ್ವ ಸೆರಗಿನ ಗಂಟಿನಂತೆ ಮನಸ್ಸಿಗೆ ಕಟ್ಟಿಕೊಂಡು ಬಂದಳು.

"ಕೆಲಸಾ ಬಿಟ್ಟಬಿಡು," ಅಂದ ಕೊಟ್ರೇಶ. ಆತನಿಗೆ ಅದು ಸರಳ ದಾರಿ.

"ಬಿಟ್ಟು ಏನ್ ಮಾಡ್ಲಿ?" ಅಂದಳು ಸುವರ್ಣಾ. "ರೊಟ್ಟಿ ಬಡೀಲೇನು? ಅದಕ್ಕೂ ಇದ ಕೈ ಬೇಕು. ಈ ಮನ್ಯಾಗ ನಂದು ಅಂತ ಇರೂದು ಅದೊಂದ ಕೆಲಸ. ಅದನ್ನ ಬಿಡು ಅನಬ್ಯಾಡ್ರಿ."

ತೋಟಪ್ಪ ಒಳ್ಳೆಯ ಮನುಷ್ಯ. ಆಕೆಯನ್ನು ಬಿಟ್ಟರೆ ತನಗೂ ಗತಿಯಿಲ್ಲ ಎಂದು ಗೊತ್ತಿತ್ತು. "ತಂಗೀ, ನೀ ಮನ್ಯಾಗ ಕುಂತು ಮಾಡು. ಕಂಪ್ಯೂಟರ್ ಕಳಸ್ತೇನಿ. ಕಾಗದ ನಾ ಫೋನ್‌ದಾಗ ಹಾಕ್ತೇನಿ," ಅಂದ. ಎಲ್ಲರಿಗೂ ಹಿಗ್ಗಾಯಿತು. ಕಂಪ್ಯೂಟರು ಬಂತು. ಬಂದ ಮೇಲೆ ಎಲ್ಲಿ ಇಡುವುದೆಂಬ ಮಾತು ಬಂತು.

ಒಳಗಿನ ಖೋಲಿಯಲ್ಲಿ ಫೋನಿಗೆ ಸಿಗ್ನಲ್ ಹತ್ತುತ್ತಿರಲಿಲ್ಲ. ಹತ್ತುವುದು ಪಡಸಾಲೆಯಲ್ಲಿ ಮಾತ್ರ. ಪಡಸಾಲೆಯಲ್ಲಿ ಬೆಳಗಿನಿಂದ ಸಂಜೆತನಕ ಪ್ರಭುಲಿಂಗಪ್ಪ ಕೂತಿರುತ್ತಾನೆ, ಪೇಟೆಯ ಮಂದಿ ಬಂದುಹೋಗುತ್ತಾರೆ. ಮಾವನ ಮುಂದೆ ಸೊಸೆ ಕುರ್ಚಿಯ ಮೇಲೆ ಕೂರುವುದು ಆ ಮನೆಯಲ್ಲಿ ಇರಲಿಲ್ಲ. ಹೊನ್ನವ್ವನೂ ತನ್ನ ಮಾವ ತೀರಿಕೊಳ್ಳುವ ತನಕ ಕುರ್ಚಿ ಮುಟ್ಟಿದ್ದು ಒರೆಸಲಿಕ್ಕೆ ಮಾತ್ರ. ಬೇಡ ಎಂದು ಯಾರೂ ಹೇಳಲಿಲ್ಲ. ಹೇಳುವ ಪ್ರಸಂಗವೇ ಎಂದೂ ಬಂದಿರಲಿಲ್ಲ. ಸುವರ್ಣಾ ಕಂಪ್ಯೂಟರನ್ನು ಮಣೆಯ ಮೇಲಿಟ್ಟು, ನೆಲದ ಮೇಲೆ ಕಾಲು ಮಡಚಿ ಕೂತು, ಗೂನು ಬೆನ್ನು ಮಾಡಿಕೊಂಡು ಎಂಟು ದಿನ ಕೆಲಸ ಮಾಡಿದಳು.

ಒಂಬತ್ತನೆಯ ದಿನ ಹೊನ್ನವ್ವ ಗಂಡನ ಮುಂದೆ ನಿಂತಳು.

"ಡಾಕ್ಟರು ಕುರ್ಚಿ ಅಂದಾರ. ಕುರ್ಚಿ ಆಗಬೇಕು."

"ನಾ ಬ್ಯಾಡ ಅಂದೇನೇನು?"

"ಅನ್ನಂಗಿಲ್ಲ. ಮೋತಿ ಹಿಂಗ ಮಾಡ್ತೀರಿ."

"ನನ್ನ ಮೋತಿ ಇರೂದ ಹಿಂಗ. ಮಂದಿ ಬರತಾರ, ಹೋಗತಾರ. ಸೊಸಿ ಮ್ಯಾಲ ಕುಂತಾಳ, ಮಾವ ಕೆಳಗ ಕುಂತಾನ ಅಂದ್ರ ನಗ್ತಾರ, ಅಷ್ಟ."

"ಹಂಗಾರ ಒಂದು ಪರದಾ ಕಟ್ತೇನಿ. ನಿಮಗೂ ಕಾಣೂದಿಲ್ಲ, ಮಂದಿಗೂ ಕಾಣೂದಿಲ್ಲ."

ತನ್ನ ಹಳೆಯ ಇಳಕಲ್ ಸೀರೆಯನ್ನು ಪಡಸಾಲೆಯ ಮೂಲೆಗೆ ಅಡ್ಡ ಕಟ್ಟಿದಳು. ಬಾಜಾರದ ಕುರ್ಚಿ ಬೇಡ, ಅಳತೆ ಕೊಟ್ಟೇ ಮಾಡಿಸಬೇಕು ಎಂದು ಗಜೇಂದ್ರಗಡದಿಂದ ಬಡಿಗ ಗೌಸುಸಾಬನನ್ನು ಕರೆಸಿದಳು. ಮನೆಯ ಬಾಗಿಲು, ಗೌತಮಿಯ ತೊಟ್ಟಿಲು ಎಲ್ಲ ಅವನ ಕೈಯದೇ.

ಅವನು ಬಂದ ದಿನ ಪ್ರಭುಲಿಂಗಪ್ಪನ ಹತ್ತಿರ ಪೇಟೆಯ ಇಬ್ಬರು ಹಿರಿಯರು ಕೂತು ಚಹಾ ಕುಡಿಯುತ್ತಿದ್ದರು. ಗೌಸುಸಾಬ ಟೇಪು ಬಿಚ್ಚಿ, ಗೋಡೆಗೆ ಆನಿಸಿದ್ದ ಟ್ರಂಕು ತೋರಿಸಿದ. "ಯಾರಿಗೆ ಕುರ್ಚಿ, ಅವರು ಹಿಂಗ ಒಂದ್ಸಲ ಕುಂದ್ರಬೇಕ್ರಿ. ಮೊಣಕಾಲಿಂದ ಹಿಮ್ಮಡ, ಆಮ್ಯಾಲ ಮೊಣಕೈ ಮಟ್ಟ. ಎರಡ ಅಳತಿ, ಮುಗೀತು."

ಸುವರ್ಣಾ ಬಾಗಿಲ ಚೌಕಟ್ಟಿನಲ್ಲಿ ಸೆರಗು ಎಳೆದುಕೊಂಡು ನಿಂತಳು. ಟ್ರಂಕು ನೋಡಿದಳು, ಮಾವನನ್ನು ನೋಡಿದಳು. ಪ್ರಭುಲಿಂಗಪ್ಪ ತೊಲೆ ನೋಡುತ್ತಿದ್ದ. ಚಹಾ ಕುಡಿಯುವವರು ಬಸಿಯಲ್ಲಿ ಊದುವುದನ್ನು ನಿಲ್ಲಿಸಿದ್ದರು.

"ಸರಿ, ಸರಿ," ಅಂದಳು ಹೊನ್ನವ್ವ. ತಾನೇ ಹೋಗಿ ಟ್ರಂಕಿನ ಮೇಲೆ ಕೂತಳು. "ನನ್ನ ಅಳತಿ ತಗೋ ಗೌಸು."

"ನಿಮ್ಮ ಸೊಸಿ ನಿಮಗಿಂತ ಗೇಣ ಎತ್ತರ ಅದಾರ್ರಿ ಅವ್ವಾರ."

"ನಿಂತಾಗ ಎತ್ತರ. ಕುಂತರ ಎಲ್ಲಾರೂ ಅಷ್ಟ."

ಹಿರಿಯರು ನಕ್ಕರು. ಪ್ರಭುಲಿಂಗಪ್ಪನೂ ನಕ್ಕ. ಮಾತು ಹಗುರಾಯಿತು. ಗೌಸುಸಾಬ ಒಂದು ಗಳಿಗೆ ಟೇಪು ಹಿಡಿದು ನಿಂತವನು, ದೊಡ್ಡವರ ಮನೆಯ ಮಾತು ತನಗೇಕೆಂದು ಬಗ್ಗಿ ಹೊನ್ನವ್ವನ ಮೊಣಕಾಲಿನ ಅಳತೆ ತೆಗೆದ, ಮೊಣಕೈ ಅಳತೆ ತೆಗೆದ. "ಮೇಜಿನ ಅಂಚಿಗೆ ಒಂದು ಪಟ್ಟಿ ಹೊಡಿ, ಹಾಳಿ ಕೆಳಗ ಬೀಳಬಾರದು," ಎಂದು ಆಕೆ ಹೇಳಿದ್ದನ್ನೂ ಕಿವಿಯ ಮೇಲಿನ ಸೀಸಕಡ್ಡಿಯಿಂದ ಬರೆದುಕೊಂಡ.

ಗಣೇಶ ಚವತಿಯ ಹಿಂದಿನ ದಿನ ಕುರ್ಚಿ ಮೇಜು ಬಂದವು. ಬೇವಿನ ಕಟ್ಟಿಗೆ, ಮೇಲೆ ಜೇನಿನ ಬಣ್ಣದ ಪಾಲಿಶ್. ಪ್ರಭುಲಿಂಗಪ್ಪ ಹೊರಗೆ ಹೋದ ಹೊತ್ತು ನೋಡಿ ಹೊನ್ನವ್ವ ಮೊದಲು ತಾನು ಕೂತು ನೋಡಿದಳು. ಪಾದ ಎರಡೂ ನೆಲಕ್ಕೆ ಊರಿದವು. ಬೆನ್ನಿಗೆ ಬೆನ್ನು ಕೂಡಿತು. ಮೊಣಕೈ ಮೇಜಿನ ಮೇಲೆ ಹಗುರಾಗಿ ಇಳಿಯಿತು. ಅರವತ್ತೆರಡು ವರ್ಷದಲ್ಲಿ ತನ್ನ ಮೈಗೆ ಇಷ್ಟು ಸರಿಯಾಗಿ ಕೂಡಿದ ಸಾಮಾನು ಆಕೆ ಕಂಡಿರಲಿಲ್ಲ.

"ಹಡದವ್ವನ ಮಡಿಲಾಗ ಕುಂತಂಗ ಆತು ನೋಡು. ಇನ್ನ ನಿನ್ನ ಕೈ ಉಳೀತು. ಕುಂದ್ರು ಬಾ."

ಸುವರ್ಣಾ ಕೂತಳು. ಒಂದು ಗಳಿಗೆ ಅಲ್ಲಿ ಇಲ್ಲಿ ಸರಿದಳು. ಆಮೇಲೆ ಅತ್ತೆಯ ಮುಖ ನೋಡಿ, "ಚಲೋ ಆಗೇದ್ರಿ ಅತ್ತಿ," ಅಂದಳು.

ಆವತ್ತಿನಿಂದ ರೊಟ್ಟಿ ಹೊನ್ನವ್ವನ ಪಾಲಿಗೆ ಬಂತು. ನೆಲದ ಮೇಲೆ ಕೂತು ಬಡಿದು ಏಳುವಾಗ ಮೊಣಕಾಲು ಕಟಕಟ ಅನ್ನುತ್ತಿದ್ದವು. ಆಗಲಿ, ಸೊಸೆಯ ಕೈಗೆ ಬಿಡುವು ಸಿಕ್ಕಿತಲ್ಲ ಎಂದುಕೊಂಡಳು. ಪರದೆಯ ಆಚೆ ಕಂಪ್ಯೂಟರಿನ ಕೀಲಿಗಳ ಸಪ್ಪಳ ಕೇಳುತ್ತಿತ್ತು. ಸೀರೆಯ ಅಂಚಿನ ಕೆಳಗೆ ಸುವರ್ಣಾಳ ಪಾದ ಕಾಣುತ್ತಿದ್ದವು. ಎರಡೂ ಒಂದು ಬದಿಗೆ ಸರಿದು, ಕುರ್ಚಿಯ ಕಾಲಿನ ಹಿಂದೆ ಮಡಚಿಕೊಂಡಿರುತ್ತಿದ್ದವು. ಹೊನ್ನವ್ವ ದಿನಾ ನೋಡುತ್ತಿದ್ದಳು. ಆಕೆಗೆ ಹಾಗೆ ಕೂತರೇ ಹಿತ ಇರಬೇಕು ಎಂದುಕೊಂಡಳು.

ಪ್ರಭುಲಿಂಗಪ್ಪ ಪಡಸಾಲೆಗೆ ಬರುವಾಗ ಹೊಸ್ತಿಲಲ್ಲೇ ಕೆಮ್ಮುತ್ತಿದ್ದ. ಪರದೆ ಇದ್ದರೂ ಆ ಕೆಮ್ಮು ಕೇಳಿದ ಕೂಡಲೆ ಸುವರ್ಣಾ ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಿದ್ದಳು, ಅವನು ಕೂತ ಮೇಲೆ ಕೂರುತ್ತಿದ್ದಳು.

"ಪರದಾ ಐತಲ್ಲ, ಯಾಕ ಏಳ್ತಿ?"

"ಕಾಲು ತಾವ ಏಳ್ತಾವ್ರಿ ಅತ್ತಿ."

"ಇರಲಿ, ಡಾಕ್ಟರೂ ಅರ್ಧ ತಾಸಿಗೊಮ್ಮೆ ಏಳು ಅಂದಾರ," ಎಂದು ಗೌತಮಿ ಹೇಳಿ ಎಲ್ಲರನ್ನೂ ನಗಿಸಿದಳು.

ನವರಾತ್ರಿ ಹೊತ್ತಿಗೆ ಸುವರ್ಣಾ ಮಗಳ ಜಡೆ ಹೆಣೆಯುವುದನ್ನು ಬಿಟ್ಟಳು. "ಆಯಿ ಕೈಲೆ ಹಾಕಿಸಿಕೋ, ನಂಗ ಕೆಲಸ ಐತಿ," ಎಂದು ಅಜ್ಜಿಯ ಕಡೆ ಕಳಿಸುತ್ತಿದ್ದಳು. ದಸರೆಯಲ್ಲಿ ಚಹಾದ ಲೋಟ ಬಿತ್ತು. ಆಮೇಲೆ ಟ್ರೆಝರಿ ಕಪಾಟಿನ ಕೀಲಿ ತಿರುವಲಿಕ್ಕೆ ಗಂಡನನ್ನು ಕರೆಯತೊಡಗಿದಳು.

"ಹ್ಯಾಂಗೈತಿ ಕೈ?" ಹೊನ್ನವ್ವ ಕೇಳುತ್ತಲೇ ಇದ್ದಳು.

"ನೋವು ಭಾಳ ಕಡಿಮಿ ಆಗೇದ್ರಿ."

ಅದು ಖರೇ ಆಗಿತ್ತು. ನೋವು ಕಡಿಮೆಯಾಗುತ್ತಿತ್ತು. ಹೊನ್ನವ್ವ ಗೌಸುಸಾಬನಿಗೆ ಫೋನು ಹಚ್ಚಿಸಿ, "ನಿನ್ನ ಕುರ್ಚಿ ಗುಣ ತೋರ್ಸೇತಿ," ಎಂದು ಹೇಳಿದಳು.

ದೀಪಾವಳಿಯ ಪಾಡ್ಯದ ದಿನ ಹಾಲು ಉಕ್ಕಿತು. ಹತ್ತಿರ ಇದ್ದವಳು ಸುವರ್ಣಾ. ಬರಿಗೈಯಿಂದ ಪಾತ್ರೆ ಹಿಡಿದು ಇಳಿಸಿಟ್ಟಳು, ಒಲೆ ಒರೆಸಿದಳು, ಎಲ್ಲರಿಗೂ ಹೋಳಿಗೆ ಬಡಿಸಿದಳು. ಊಟದ ನಡುವೆ ಗೌತಮಿ, "ಅವ್ವಾ, ನಿನ್ನ ಹೆಬ್ಬಟ್ಟಿಗೆ ಏನಾಗೇತಿ?" ಅಂದಳು. ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡರ ಮೇಲೂ ದ್ರಾಕ್ಷಿಯಷ್ಟು ಬೊಕ್ಕೆ ಎದ್ದಿದ್ದವು. ಸುವರ್ಣಾ ಅದನ್ನು ಬೇರೆಯವರ ಕೈ ನೋಡಿದಂತೆ ನೋಡಿದಳು.

"ಸುಟ್ಟದ್ದು ಗೊತ್ತಾಗಲಿಲ್ಲೇನು?" ಕೊಟ್ರೇಶ ಕೇಳಿದ.

"ಇಲ್ರಿ."

ಕೊಟ್ರೇಶ ತಾಟು ಸರಿಸಿ ಎದ್ದು, ಆ ಕೈಯನ್ನು ನೀರಿಗೆ ಹಿಡಿದ.

ಗದಗಿಗೆ ಈ ಸಲ ಅತ್ತೆ, ಸೊಸೆ, ಕೊಟ್ರೇಶ ಮೂವರೂ ಹೋದರು. ಡಾಕ್ಟರು ಸುವರ್ಣಾಳ ಬಲಗೈ ಮೇಲ್ಮುಖ ಮಾಡಿ ಮೇಜಿನ ಮೇಲಿಟ್ಟರು. ಹೆಬ್ಬೆರಳಿನ ಬುಡ ಒತ್ತಿ, "ಇಲ್ಲಿ ಒಂದು ಉಬ್ಬು ಇರಬೇಕಿತ್ತು," ಅಂದರು. ಅಲ್ಲಿ ತಗ್ಗಿತ್ತು. ಪಕ್ಕದಲ್ಲಿ ಕೂತಿದ್ದ ಹೊನ್ನವ್ವ ಯಾರೂ ಹೇಳದೆ ತನ್ನ ಅಂಗೈ ತೆರೆದು ನೋಡಿಕೊಂಡಳು. ಮುದುಕಿಯ ಕೈ, ಆದರೂ ತುಂಬಿತ್ತು.

"ಕುಂದ್ರೂ ರೀತಿ ಬದಲ ಮಾಡಿದ್ರೇನು?"

"ಮಾಡಿಸೇವ್ರಿ ಸಾಹೇಬ್ರ," ಕೊಟ್ರೇಶ ಹುರುಪಿನಿಂದ ಫೋನು ತೆಗೆದ. ಗೌತಮಿ ಪರದೆಯ ಸಂದಿಯಿಂದ ಅವ್ವನ ಫೋಟೋ ಹೊಡೆದಿದ್ದಳು. "ಅಳತಿ ಕೊಟ್ಟು ಮಾಡಿಸಿದ ಕುರ್ಚಿ, ಮೇಜು."

ಡಾಕ್ಟರು ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದರು. ಸುವರ್ಣಾಳ ಮೊಣಕಾಲು ಮೇಜಿನ ಅಡಿಗೆ ಹಿಡಿಸದೆ ಒಂದು ಬದಿಗೆ ಹೊರಳಿದ್ದವು. ನಡು ತಿರುಚಿತ್ತು. ಎತ್ತರದ ಮೈ ಮೇಜಿನ ಮೇಲೆ ಬಾಗಿ, ಭಾರವೆಲ್ಲ ಎರಡು ಮಣಿಕಟ್ಟಿನ ಮೇಲೆ ಬಿದ್ದಿತ್ತು. ಮಣಿಕಟ್ಟು ಅಂಚಿನ ಪಟ್ಟಿಯ ಮೇಲೆ ಇದ್ದವು.

"ಇದು ಯಾರ ಅಳತಿ?"

ಕೊಟ್ರೇಶ ಅವ್ವನ ಕಡೆ ನೋಡಿದ. ಅಳತೆಯ ದಿನ ಅವನು ಅಂಗಡಿಯಲ್ಲಿದ್ದ. ಸುವರ್ಣಾ ನೆಲ ನೋಡಿದಳು.

"ನಂದ್ರಿ," ಅಂದಳು ಹೊನ್ನವ್ವ.

ಡಾಕ್ಟರು ಫೋನನ್ನು ಕೊಟ್ರೇಶನ ಕೈಗೆ ತಿರುಗಿ ಕೊಟ್ಟು, ಅವನಿಗೇ ಹೇಳಿದರು: "ಆಪರೇಶನ್ ಮಾಡಬಹುದು. ಇನ್ನೂ ಕೆಡೂದು ನಿಂತೀತು, ಜೋಮು ತುಸು ಇಳದೀತು. ಹೋದ ಕಸುವು ಬರೂದಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೊಟ್ರೇಶ ಮುಂದೆ ನಿಂತಿದ್ದ. ಅತ್ತೆ ಸೊಸೆ ಒಂದೇ ಸೀಟಿನಲ್ಲಿ. ಕಿಟಕಿಯಾಚೆ ಕರಿಮಣ್ಣಿನಲ್ಲಿ ಕಡಲೆ ಆಗಷ್ಟೇ ಹಸುರು ತೋರಿಸುತ್ತಿತ್ತು.

"ಯಾಕ ಹೇಳಲಿಲ್ಲ ನೀ?"

ಸುವರ್ಣಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಆ ಕುರ್ಚ್ಯಾಗ ಕುಂತಾಗ ನಿಮ್ಮ ಮಾರಿ ಹ್ಯಾಂಗಿತ್ತು, ನೀವು ನೋಡಿಲ್ರಿ. ನನ್ನ ಸಲುವಾಗಿ ಮಾವಾರ ಕೂಡ ಜಗಳಾಡಿದ್ರಿ. ಪರದಾ ಕಟ್ಟಿದ್ರಿ. ರೊಟ್ಟಿ ಮೈಮ್ಯಾಲ ಹಾಕ್ಕೊಂಡ್ರಿ. ಅಷ್ಟೆಲ್ಲಾ ಆದಮ್ಯಾಲ ಇದು ಹಿಡಸೂದಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ? ನೋವು ಕಡಿಮಿ ಆಗಲಿಕ್ಕತ್ತಿತ್ತು. ಕುರ್ಚಿ ಮೈಗೆ ಕೂಡ್ಕೊಂತು ಅಂತ ತಿಳಕೊಂಡೆ."

"ಬೈಬೇಕಿತ್ತು ನನ್ನ."

"ನೀವೂ ನಿಮ್ಮ ಅತ್ತೀನ ಬೈದಿದ್ರೇನ್ರಿ?"

ಹೊನ್ನವ್ವ ಸೊಸೆಯ ಬಲಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಎತ್ತಿದ್ದು ಆ ಕೈಗೆ ಗೊತ್ತಾಯಿತೋ ಇಲ್ಲವೋ ಆಕೆಗೆ ತಿಳಿಯಲಿಲ್ಲ.

ಎಳ್ಳಮಾವಾಸ್ಯೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಹೊಲಿಗೆ ಬಿಚ್ಚಿದ ಮೇಲೂ ಹೆಬ್ಬೆರಳು ಕಿರಿಬೆರಳ ಬುಡ ಮುಟ್ಟಲಿಲ್ಲ. ಕಂಪ್ಯೂಟರಿನ ಕೀಲಿಯ ಮೇಲೆ ಬೆರಳಿಟ್ಟರೆ ಇಟ್ಟದ್ದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಚಿಕ್ಕನರಗುಂದದ ಒಬ್ಬರ ಖರೀದಿ ಪತ್ರದಲ್ಲಿ ಸರ್ವೆ ನಂಬರಿಗೆ ಒಂದು ಅಂಕಿ ಹೆಚ್ಚು ಬಿತ್ತು. ತೋಟಪ್ಪ ಅದನ್ನು ನೋಡಿ ತಾನೇ ತಿದ್ದಿದ. ಎರಡನೆಯ ಸಲವೂ ತಿದ್ದಿದ. ಮೂರನೆಯ ಸಲ ಮನೆಗೆ ಬಂದ.

"ತಂಗೀ, ಕೈ ಚಲೋ ಆದಮ್ಯಾಲ ನೀನ ಬಾ. ನಿನ್ನ ಜಾಗಾ ಎಲ್ಲಿಗೂ ಹೋಗಂಗಿಲ್ಲ," ಅಂದ. ಹಾಗನ್ನುತ್ತಲೇ ಕಂಪ್ಯೂಟರಿನ ವೈರು ಸುತ್ತುತ್ತಿದ್ದ. ಹೊರಡುವಾಗ ಮೇಜಿನ ಮೇಲೆ ಕೈಯಾಡಿಸಿ, "ಚಲೋ ಕಟ್ಟಿಗಿ," ಅಂದ.

ಆ ಸಂಜೆ ಪ್ರಭುಲಿಂಗಪ್ಪ ತಾನೇ ಎದ್ದು ಪರದೆ ಬಿಚ್ಚಿದ. ಗಂಟು ಬಿಡಿಸಲು ಬಾರದೆ ಹರಿದ.

"ಇನ್ನ ಆಕಿ ಕುರ್ಚಿ ಮ್ಯಾಲ ಕುಂದ್ರಲಿ. ನನ್ನ ಎದುರಿಗೇ ಕುಂದ್ರಲಿ. ನಾ ಏನೂ ಅನ್ನಂಗಿಲ್ಲ. ಮಂದಿ ನಕ್ಕರ ನಗಲಿ."

"ಕುಂತು ಏನ್ ಮಾಡಬೇಕ್ರಿ?" ಅಂದಳು ಹೊನ್ನವ್ವ.

ಅವನು ಹರಿದ ಸೀರೆ ಕೈಯಲ್ಲಿ ಹಿಡಿದುಕೊಂಡು ನಿಂತ. ಆಮೇಲೆ ಅದನ್ನು ಮಡಚಲು ನೋಡಿದ. ಮಡಚುವುದು ಅವನಿಗೆ ಬರುತ್ತಿರಲಿಲ್ಲ.

ಸುದ್ದಿ ತಿಳಿದು ಗೌಸುಸಾಬ ಬಂದ. ಬಾಗಿಲಲ್ಲೇ ನಿಂತು, "ಕುರ್ಚಿ ಮೇಜಿನ ಕಾಲಿಗೆ ತುಂಡು ಜೋಡ್ಸಿ ಎತ್ತರ ಮಾಡ್ತೇನ್ರಿ ಅವ್ವಾರ. ಪಟ್ಟಿ ಕಿತ್ತು ಹಾಕ್ತೇನಿ. ಆವತ್ತ ಇನ್ನೊಂದು ಮಾತು ಹೇಳಬೇಕಿತ್ತು ನಾ," ಅಂದ.

"ಹೇಳಿದ್ದಿ ನೀ. ನಾ ಕೇಳಲಿಲ್ಲ."

"ಬ್ಯಾಡ ಬಿಡ್ರಿ ಚಾಚಾ," ಅಂದಳು ಸುವರ್ಣಾ. ಆಕೆ ನೆಲದ ಮೇಲೆ ಕೂತು ಎಡಗೈಯಿಂದ ಅವರೆಕಾಯಿ ಬಿಡಿಸುತ್ತಿದ್ದಳು. ಕಾಯಿ ಹಲ್ಲಿನಿಂದ ಕಚ್ಚಿ ಸೀಳಿ, ಕಾಳು ಮೊರಕ್ಕೆ ಸುರಿಯುತ್ತಿದ್ದಳು. ಗೌಸುಸಾಬ ಚಹಾ ಕುಡಿಯದೆ ಹೋದ.

ಸಂಕ್ರಾಂತಿ ಬಂತು. ಸಜ್ಜಿ ರೊಟ್ಟಿ ಆಗಬೇಕು, ಎಳ್ಳು ಹಚ್ಚಿ, ಹಪ್ಪಳದಂತೆ ತೆಳ್ಳಗೆ, ಐವತ್ತು ಅರವತ್ತು. ಹೊನ್ನವ್ವ ನೆಲದ ಮೇಲೆ ಕೂತು ಆರು ಬಡಿದಳು. ಏಳಲು ಹೋದರೆ ಮೊಣಕಾಲು ಏಳಲಿಲ್ಲ. ಕೊಟ್ರೇಶ ಎರಡೂ ರಟ್ಟೆ ಹಿಡಿದು ಎಬ್ಬಿಸಿದ.

"ಅವ್ವಾ, ಆ ಮೇಜು ಕುರ್ಚಿ ಸುಮ್ಮನ ಬಿದ್ದಾವು. ಇಲ್ಲಿಗೆ ತರಲೇನು? ಕುಂತು ಬಡದೀ."

"ಬ್ಯಾಡ."

"ಯಾಕ ಬ್ಯಾಡ?"

"ಬ್ಯಾಡಂದ್ರ ಬ್ಯಾಡೋ."

"ತರ್ರಿ," ಅಂದಳು ಸುವರ್ಣಾ ಗಂಡನಿಗೆ. ಹಂಚಿನ ಮುಂದೆ ನಿಂತು ಎಡಗೈಯಿಂದ ರೊಟ್ಟಿ ಮಗುಚುತ್ತಿದ್ದಳು. "ಅತ್ತೀ, ಇನ್ನೂ ಐವತ್ತು ಆಗಬೇಕು. ಹೊತ್ತು ಏರಿತು. ಕುಂದರ್ರಿ."

ಕೊಟ್ರೇಶ ತಂದು ಒಲೆಯ ಕಟ್ಟೆಯ ಪಕ್ಕಕ್ಕೆ ಇಟ್ಟ. ರೊಟ್ಟಿ ಬಡಿಯುವ ಹಲಗೆಯನ್ನು ಗೌತಮಿ ಮೇಜಿನ ಮೇಲೆ ಜೋಡಿಸಿದಳು. ಹೊನ್ನವ್ವ ಕೂತಳು. ಪಾದ ನೆಲಕ್ಕೆ ಊರಿದವು. ಬೆನ್ನಿಗೆ ಬೆನ್ನು ಕೂಡಿತು. ಕೈ ಎತ್ತಿದರೆ ಹೆಗಲಿಗೆ ಭಾರವಿಲ್ಲ, ಇಳಿಸಿದರೆ ನಡುವಿಗೆ ನೋವಿಲ್ಲ. ಅಂಚಿನ ಪಟ್ಟಿಯಲ್ಲಿ ಎರಡು ಕಡೆ ಪಾಲಿಶ್ ಹೋಗಿ ಬೇವಿನ ಬಿಳಿ ಕಟ್ಟಿಗೆ ಕಾಣುತ್ತಿತ್ತು, ಮಣಿಕಟ್ಟಿನಷ್ಟೇ ಅಗಲ.

ಆಕೆ ಬಡಿಯತೊಡಗಿದಳು. ಸಪ್ಪಳ ಒಂದೇ ಓಟದಲ್ಲಿ ಹೋಯಿತು, ನಡುವೆ ಎಲ್ಲೂ ನಿಲ್ಲಲಿಲ್ಲ. ಪಡಸಾಲೆಯಿಂದ ಪ್ರಭುಲಿಂಗಪ್ಪ, "ಈಗ ಬಂತು ನೋಡು ರೊಟ್ಟಿ ಸಪ್ಪಳ," ಎಂದು ಯಾರಿಗೋ ಹೇಳುವುದು ಕೇಳಿಸಿತು. ಹಾರಿದ ಹಿಟ್ಟೆಲ್ಲ ಆ ಪಟ್ಟಿಗೆ ತಡೆದು, ಸವೆದ ಎರಡು ತಗ್ಗಿನಲ್ಲಿ ತುಂಬಿಕೊಂಡಿತು. ನೆಲಕ್ಕೆ ಒಂದು ಚಿಟಿಕೆಯೂ ಬೀಳಲಿಲ್ಲ.